ಗಂಗಾಂಬಿಕಮ್ಮನವರೂ ಐದು ಪಾಯಿಂಟ್ ಆರೂ

ಹೊಸಪೇಟೆಯವರು ಹಂಪಿಗೆ ಹೋಗುವುದು ಮನೆಗೆ ನೆಂಟರು ಬಂದಾಗ ಮಾತ್ರ. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ, ಆದರೆ ಮುರಿದವರನ್ನು ಕಂಡವರಿಲ್ಲ. ಗಂಗಾಂಬಿಕಮ್ಮನವರು ಮದುವೆಯಾಗಿ ಈ ಊರಿಗೆ ಬಂದ ಮೇಲೆ ಎಷ್ಟು ಸಲ ಹಂಪಿಗೆ ಹೋಗಿದ್ದಾರೋ ಆ ವಿರೂಪಾಕ್ಷನಿಗೇ ಗೊತ್ತು. ಚೋರನೂರಿನ ನಾದಿನಿ ಬಂದರೆ ಹಂಪಿ, ನಾದಿನಿಯ ಬೀಗರು ಬಂದರೆ ಹಂಪಿ, ಆ ಬೀಗರ ಪಕ್ಕದ ಮನೆಯವರು ಬಂದರೂ ಹಂಪಿ. ಒಂದು ಕೈಯಲ್ಲಿ ಚಪಾತಿ ಡಬ್ಬಿ, ಇನ್ನೊಂದು ಕೈಯಲ್ಲಿ ಯಾರದೋ ಕೂಸು, ಬಾಯಲ್ಲಿ "ಇದು ಸಾಸಿವೆಕಾಳು ಗಣಪ್ಪ, ಅದು ಕಡಲೆಕಾಳು ಗಣಪ್ಪ". ಅಲ್ಲಿಯ ಕಲ್ಲಿನ ರಥದ ಗಾಲಿ ತಿರುಗಬಾರದೆಂದು ಯಾರೋ ಪುಣ್ಯಾತ್ಮರು ಸಿಮೆಂಟು ಹಾಕಿಸಿದ್ದಾರೆ. (ಗಂಗಾಂಬಿಕಮ್ಮನವರ ಕಾಲಿಗೂ ಒಂದಿಷ್ಟು ಹಾಕಿಸಿದ್ದರೆ ಅವರೂ ಕೂತು ಉಸಿರಾಡುತ್ತಿದ್ದರು.)

ಅವರಿಗಿದ್ದದ್ದು ಒಂದೇ ಆಸೆ. ನೆಂಟರಿಲ್ಲದೆ, ಡಬ್ಬಿಯಿಲ್ಲದೆ, ಗಂಡ ಹೆಂಡತಿ ಇಬ್ಬರೇ ಸ್ಕೂಟರ್ ಹತ್ತಿ ಹಂಪಿಗೆ ಹೋಗಬೇಕು. ಚಕ್ರತೀರ್ಥದಿಂದ ಮುಂದೆ, ಜನ ಕಡಿಮೆಯಿರುವ ಕಡೆ, ಹೊಳೆ ದಂಡೆಯ ಬಂಡೆಯ ಮೇಲೆ ಕೂರಬೇಕು. ದಾರಿಯಲ್ಲಿ ಕಮಲಾಪುರದಲ್ಲಿ ಕಟ್ಟಿಸಿಕೊಂಡ ಬಿಸಿ ಬಿಸಿ ಮಿರ್ಚಿ ಬಜ್ಜಿ ತಿನ್ನಬೇಕು. ಯಜಮಾನರಾದ ದೊಡ್ಡಬಸಪ್ಪನವರು ತಮ್ಮ ಕಡೆ ತಿರುಗಿ, ತಮ್ಮ ಮುಖ ನೋಡಿ, ನಾಲ್ಕು ಮಾತಾಡಬೇಕು. ನಾಲ್ಕು ದುಬಾರಿಯಾದರೆ ಎರಡು. ಇಷ್ಟೇ. ಬಂಗಾರದ ಡಾಬು ಕೇಳಲಿಲ್ಲ, ಕಾಶಿ ಯಾತ್ರೆ ಕೇಳಲಿಲ್ಲ. ಹತ್ತಿರದ ಹಂಪಿ, ಎಣ್ಣೆಯಲ್ಲಿ ಕರಿದ ಮಿರ್ಚಿ, ಕಟ್ಟಿಕೊಂಡ ಗಂಡ. ಈ ಮೂರೂ ಒಂದೇ ಹೊತ್ತಿಗೆ ಒಂದೇ ಕಡೆ ಸೇರುವುದು ಗ್ರಹಗಳು ಕೂಡುವುದಕ್ಕಿಂತ ಕಷ್ಟವಾಗಿತ್ತು.

ದೊಡ್ಡಬಸಪ್ಪನವರು ಸಂಡೂರಿನ ಒಂದು ಗಣಿಯಲ್ಲಿ ಫೋರ್‌ಮನ್ ಆಗಿದ್ದರು. ಶಿಫ್ಟಿನ ನೌಕರಿ. ಮನೆಗೆ ಬರುವ ಹೊತ್ತಿಗೆ ಮೈಯೆಲ್ಲ ಕೆಂಪು ಧೂಳು. ಅದನ್ನು ತೊಳೆದುಕೊಂಡು ಗುರುತು ಸಿಗುವ ಹೊತ್ತಿಗೆ ಕಣ್ಣ ತುಂಬ ನಿದ್ದೆ. ಅವರು ಎದ್ದಾಗ ಈಕೆ ಮಲಗಿರುತ್ತಿದ್ದರು, ಈಕೆ ಎದ್ದಾಗ ಅವರು ಗಣಿಯ ಬಸ್ಸಿನಲ್ಲಿರುತ್ತಿದ್ದರು. ಹಂಪಿಯ ಮಾತು ತೆಗೆದರೆ ಅವರ ಉತ್ತರ ಎಂದೂ ಬದಲಾಗಲಿಲ್ಲ.

"ರಿಟೈರ್ ಆಗ್ಲಿ ತಡಿ ಗಂಗಾ. ಆಮ್ಯಾಲ ದಿನಾ ಹೋಗೂಣು. ನೀನ ಸಾಕ್ರಿ ಅನ್ನಬೇಕು, ಹಂಗ ಹೋಗೂಣು."

ಸರಿ, ಕಾದರು. ಒಂದು ದಿನ ಯಜಮಾನರು ರಿಟೈರೂ ಆದರು. ಹಾರ ಹಾಕಿದರು, ಶಾಲು ಹೊದಿಸಿದರು, ಫೋಟೋ ತೆಗೆದರು. ಆ ವಾರವೇ ಒಂದು ಬೆಳಿಗ್ಗೆ ಗಂಗಾಂಬಿಕಮ್ಮನವರು ತಲೆಗೆ ಮಲ್ಲಿಗೆ ಮುಡಿದುಕೊಂಡು, ತಾವೇ ಅಂಗಳಕ್ಕಿಳಿದು ಸ್ಕೂಟರಿನ ಸೀಟು ಒರೆಸಿ ನಿಂತರು. ದೊಡ್ಡಬಸಪ್ಪನವರು ಗೇಟಿನಲ್ಲಿ ಕೊರಿಯರಿನವನಿಂದ ಒಂದು ಡಬ್ಬಿ ಇಸಿದುಕೊಂಡು, ಬಾಣಂತಿಯ ಮನೆಯಿಂದ ಕೂಸನ್ನು ಎತ್ತಿಕೊಂಡು ಬರುವವರ ಹಾಗೆ ಮೆಲ್ಲಗೆ ಹೆಜ್ಜೆಯಿಡುತ್ತ ಬಂದರು.

"ಏನ್ರಿ ಅದು?"

"ಕ್ಯಾಮೆರಾ. ಇನ್ನ ಮ್ಯಾಲೆ ನಾನು ನೇಚರ್ ಫೋಟೋಗ್ರಾಫರ್."

"ಹಂಪಿಗೆ?"

"ಹಂಪಿ, ದರೋಜಿ, ಕಂಪ್ಲಿ, ಎಲ್ಲಾ ಕಡಿಗೂ ಹೋಗೋದ."

"ಯಾರು ಯಾರು?"

"ನಾನು, ರಾಯಣ್ಣ."

ರಾಯಣ್ಣ ಎಂದರೆ ಅದೇ ಗಣಿಯಿಂದ ಹಿಂದಿನ ವರ್ಷ ರಿಟೈರಾದ ಮಹಾನುಭಾವರು. ತಲೆಗೆ ಎಲೆಬಣ್ಣದ ಟೋಪಿ, ಎದೆಯ ಮೇಲೆ ಮೊಳದುದ್ದದ ಲೆನ್ಸು. ದಿನಾ ಬೆಳಿಗ್ಗೆ ಕೋಳಿ ಕೂಗುವ ಮುಂಚೆ ಇಡೀ ಹೊಸಪೇಟೆಯ ವಾಟ್ಸಾಪಿಗೆ ಒಂದು ಹಕ್ಕಿಯನ್ನೂ ಒಂದು 'ಶುಭೋದಯ'ವನ್ನೂ ಕಳಿಸುವುದು ಅವರ ವ್ರತ. ಅವರ ಹತ್ತಿರ ಒಂದು ನೀರುನಾಯಿಯ ಫೋಟೋ ಇತ್ತು. ತುಂಗಭದ್ರೆಯಲ್ಲಿ ಈಜಾಡಿಕೊಂಡು ಮೀನು ತಿನ್ನುವ ಆ ಪ್ರಾಣಿ ರಾಯಣ್ಣನ ಫೋಟೋದಲ್ಲಿ ಬೆನ್ನು ತಿರುಗಿಸಿಕೊಂಡಿತ್ತು, ಆದರೂ ಅದು ನೀರುನಾಯಿಯೇ. ಅದನ್ನು ಕಂಡ ದಿನದಿಂದ ದೊಡ್ಡಬಸಪ್ಪನವರಿಗೆ ಊಟ ಸೇರಲಿಲ್ಲ. ಮುಖ ಕಾಣುವ ಹಾಗೆ ನೀರುನಾಯಿ ತೆಗೆಯದಿದ್ದರೆ ತಮ್ಮ ರಿಟೈರ್‌ಮೆಂಟು ದಂಡ ಎಂದು ಅವರು ತೀರ್ಮಾನಿಸಿದರು.

"ನೀರುನಾಯಿ ಏನ್ ಮಹಾ ರೀ? ನಮ್ಮ ಕಂಪ್ಲಿ ಹೊಳ್ಯಾಗ ನಾನು ಸಣ್ಣಾಕಿ ಇದ್ದಾಗ..." ಎಂದು ಗಂಗಾಂಬಿಕಮ್ಮನವರು ತವರಿನ ಕಥೆ ಶುರು ಮಾಡಿದರು. ದಂಡೆಯಲ್ಲಿ ಬಟ್ಟೆ ಒಗೆಯುವಾಗ ನೀರುನಾಯಿಗಳು ಬೆಸ್ತರ ಬಲೆಯಿಂದ ಮೀನು ಕದ್ದು ಓಡುತ್ತಿದ್ದ ಕಥೆ ಅದು. ಹೇಳಿದ್ದರೆ ಚೆನ್ನಾಗಿತ್ತು. ಆದರೆ ದೊಡ್ಡಬಸಪ್ಪನವರು ಕಿಟಕಿಯ ಹೊರಗೆ ಕ್ಯಾಮೆರಾ ಚಾಚಿ ಕೈಯೆತ್ತಿ ತಡೆದರು.

"ಒಂದೇ ನಿಮಿಷ ಇರು. ಬೆಳಕು ಭಾಳ ಚಂದೈತಿ."

ಆ ಒಂದು ನಿಮಿಷ ಮುಗಿಯಲೇ ಇಲ್ಲ. ಅಂದಿನಿಂದ ಆ ಮನೆಯಲ್ಲಿ ಯಾವ ಮಾತೂ ಪೂರ್ತಿಯಾಗಲಿಲ್ಲ. ಬೆಳಕು ಚಂದವಿದ್ದರೆ ಸುಮ್ಮನಿರಬೇಕು, ಬೆಳಕು ಹೋಗುತ್ತಿದ್ದರೆ ಇನ್ನೂ ಸುಮ್ಮನಿರಬೇಕು, ಬೆಳಕು ಹೋದ ಮೇಲೆ ಅವರಿಗೆ ನಿದ್ದೆ. ಶಿಫ್ಟೇ ಎಷ್ಟೋ ವಾಸಿ ಎನಿಸಿತು ಗಂಗಾಂಬಿಕಮ್ಮನವರಿಗೆ. ಆಗ ಗಂಡ ಮನೆಯಲ್ಲಿ ಇರುತ್ತಿರಲಿಲ್ಲ, ಕಾಯುವುದಕ್ಕೆ ಒಂದು ಅರ್ಥವಿತ್ತು. ಈಗ ಎದುರಿಗೇ ಕೂತಿರುತ್ತಾರೆ, ನಡುವೆ ಒಂದು ಲೆನ್ಸು.

ಇನ್ನು ಆ ವಿದ್ಯೆಯಾದರೂ ಒಲಿಯಿತೇ ಎಂದರೆ, ಅದೂ ಇಲ್ಲ. ಗಂಟಲಲ್ಲಿ ಸಿಕ್ಕಿಕೊಂಡದ್ದು ಅಪರ್ಚರ್. ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಬರುವ ತೂತು, ಅಷ್ಟೇ. ತೂತು ದೊಡ್ಡದು ಮಾಡಿದರೆ ಬೆಳಕು ಜಾಸ್ತಿ. ಗುರಿಯಿಟ್ಟ ಹಕ್ಕಿ ಮಾತ್ರ ಸ್ಪಷ್ಟ, ಅದರ ಹಿಂದು ಮುಂದಿನದೆಲ್ಲ ಮಸುಕು. ತೂತು ಸಣ್ಣದು ಮಾಡಿದರೆ ಬೆಳಕು ಕಡಿಮೆ. ಆದರೆ ಹಕ್ಕಿಯಿಂದ ಹಿಡಿದು ಹಿಂದಿನ ಗುಡ್ಡದವರೆಗೆ ಎಲ್ಲವೂ ಸ್ಪಷ್ಟ. ಇಲ್ಲಿಯವರೆಗೆ ದೊಡ್ಡಬಸಪ್ಪನವರ ತಕರಾರಿಲ್ಲ. ತಕರಾರೆಲ್ಲ ನಂಬರಿನದು. ತೂತು ದೊಡ್ಡದಾದರೆ ನಂಬರು ಸಣ್ಣದು, ತೂತು ಸಣ್ಣದಾದರೆ ನಂಬರು ದೊಡ್ಡದು. ಐದು ಪಾಯಿಂಟ್ ಆರು ಎಂದರೆ ಹೆಬ್ಬಾಗಿಲು, ಇಪ್ಪತ್ತೆರಡು ಎಂದರೆ ಕೀಲಿಯ ತೂತು. ಜೀವಮಾನವೆಲ್ಲ ದೊಡ್ಡ ಲಾರಿಗೆ ದೊಡ್ಡ ಲೋಡು ತುಂಬಿಸಿದ ಮನುಷ್ಯನಿಗೆ ಇದು ಶುದ್ಧ ಅನ್ಯಾಯವೆನಿಸಿತು.

"ಇದನ್ನ ಮಾಡಿದವ ತಲಿ ಕೆಟ್ಟವ ಇರಬೇಕು," ಎಂದು ಅವರು ಗುಡುಗಿದರು. "ದೊಡ್ಡ ನಂಬರಿಗೆ ದೊಡ್ಡ ತೂತು ಇಡಾಕ ಅವನಿಗೇನ್ ಧಾಡಿ ಆಗಿತ್ತು?"

"ಆಟೋಮ್ಯಾಟಿಕ್ ಅಂತ ಏನೋ ಇರತೈತಂತಲ್ರಿ, ಅದಕ್ಕಿಡ್ರಿ."

"ಆಟೋಮ್ಯಾಟಿಕ್ಕಾ? ರಾಯಣ್ಣ ಏನಂತಾನ ಗೊತ್ತೈತೇನು? ಮ್ಯಾನ್ಯುವಲ್‌ನಾಗ ತಗದವನ ಗಂಡಸು ಅಂತಾನ."

ಹೀಗಾಗಿ ಆ ಗಂಡಸುತನದ ತರಬೇತಿ ಅಡುಗೆಮನೆಯಲ್ಲಿ ನಡೆಯಿತು. ಊಟದ ಮೇಜಿನ ಮೇಲೆ ಬದನೆಕಾಯಿಗಳು ಕವಾಯತಿಗೆ ನಿಂತ ಪೊಲೀಸರಂತೆ ಸಾಲಾಗಿ ನಿಂತವು. ಮುಂದಿನದು ಸ್ಪಷ್ಟ, ಹಿಂದಿನವು ಮಸುಕು ಬರಬೇಕು ಎಂಬುದು ಪಾಠ. ಬಂದದ್ದು ಕತ್ತಲೆ. ಮಧ್ಯಾಹ್ನ ಎಣ್ಣೆಗಾಯಿ ಆಗಬೇಕಿದ್ದ ಆ ಬದನೆಕಾಯಿಗಳು ಸಂಜೆಯವರೆಗೆ ಮಾಡೆಲುಗಳಾಗಿ ನಿಂತು ಬಾಡಿ, ರಾತ್ರಿ ಚಟ್ನಿಯಾದವು.

ದರೋಜಿಯಲ್ಲಿ ಇನ್ನೂ ಚಂದ. ಅಲ್ಲಿ ಅರಣ್ಯ ಇಲಾಖೆಯವರು ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಹೋಗುತ್ತಾರೆ. ಸಂಜೆಗೆ ಕರಡಿಗಳು ಸಂಸಾರ ಸಮೇತ ಇಳಿದು ಬಂದು ನೆಕ್ಕುತ್ತವೆ. ದೂರದ ಗೋಪುರದ ಮೇಲೆ ನಿಂತು ನೋಡುವವರು ನೋಡಬಹುದು. ದೊಡ್ಡಬಸಪ್ಪನವರು ಬೆಳಕು ಕಡಿಮೆಯಾಯಿತೆಂದು ತೂತು ದೊಡ್ಡದು ಮಾಡಲು ಹೋಗಿ, ಅಭ್ಯಾಸಬಲದಿಂದ ನಂಬರು ದೊಡ್ಡದು ಮಾಡಿದರು. ಮನೆಗೆ ಬಂದು ಹೆಂಡತಿಯ ಮುಂದೆ ಕ್ಯಾಮೆರಾ ಹಿಡಿದರು.

"ಇಲ್ನೋಡು, ಕರಡಿ."

ಗಂಗಾಂಬಿಕಮ್ಮನವರು ಕನ್ನಡಕ ಹಾಕಿಕೊಂಡು ನೋಡಿದರು. ಕಪ್ಪನೆಯ ಚೌಕ.

"ಎಲ್ಲಿ ಕರಡಿ?"

"ಇದೆಲ್ಲಾ ಕರಡಿನ."

ಪಾಪ, ಎಂದುಕೊಂಡರು ಆಕೆ. ನಗಲಿಲ್ಲ. ನಗಬಾರದೆಂದು ಒಳಗೆ ಹೋಗಿ ಕುಕ್ಕರಿನ ಸೀಟಿಯ ಜೊತೆ ನಕ್ಕರು.

ಆದರೆ ನಗು ಬತ್ತಿದ್ದು ಸೀರೆಯ ದಿನ. ಅಂದು ಬೆಳಿಗ್ಗೆ ದೊಡ್ಡಬಸಪ್ಪನವರು ತಾವಾಗಿಯೇ, ಯಾರೂ ಕೇಳದೆ, "ಗಂಗಾ, ಸ್ವಲ್ಪ ಹಿತ್ತಲಿಗೆ ಬಾ, ಒಂದು ಫೋಟೋ ತಗೀಬೇಕು" ಎಂದುಬಿಟ್ಟರು! ಗಂಗಾಂಬಿಕಮ್ಮನವರ ಕೈಯಲ್ಲಿದ್ದ ಸೌಟು ಸಾರಿನಲ್ಲಿ ಮುಳುಗಿತು. ಗ್ಯಾಸು ಆರಿಸಿದರು, ಮುಖ ತೊಳೆದರು, ಟ್ರಂಕಿನ ತಳದಲ್ಲಿದ್ದ ಹಸಿರು ಇಳಕಲ್ ಸೀರೆ ತೆಗೆದು ಉಟ್ಟರು, ಕನ್ನಡಿಯ ಮುಂದೆ ನಿಂತು ವಿಭೂತಿಯ ಮೇಲೆ ಕುಂಕುಮ ಸರಿ ಮಾಡಿಕೊಂಡರು. ಎದೆ ಹೊಸ ಮದುವಣಗಿತ್ತಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಹಿತ್ತಲಿಗೆ ಹೋಗಿ ದಾಸವಾಳದ ಗಿಡದ ಮುಂದೆ ನಿಂತು, ಸೆರಗು ಎಳೆದುಕೊಂಡು, ನಗಲೋ ಬೇಡವೋ ಎಂದು ಅರ್ಧ ನಕ್ಕರು.

"ಹಾಂ, ಹಂಗ ನಿಂದ್ರು, ಅಲ್ಲಾಡಬ್ಯಾಡ. ನಿನ್ನ ಹಿಂದ ಪಿಕಳಾರ ಕುಂತೈತಿ. ಮುಂದ ಏನರ ಹಸರು ಇದ್ರ ಹಕ್ಕಿ ಚಂದ ಬರತೈತಂತ ರಾಯಣ್ಣ ಹೇಳ್ಯಾನ."

ಅಪರೂಪಕ್ಕೆ ಅಂದು ನಂಬರಿನ ಡಯಲು ಸರಿಯಾದ ಕಡೆ ತಿರುಗಿತ್ತು. ಹಕ್ಕಿ ಸ್ಪಷ್ಟವಾಗಿ ಬಂದಿತ್ತು. ಅದರ ಮುಂದೆ, ಫೋಟೋದ ಮೂಲೆಯಲ್ಲಿ, ಹಸಿರು ಪಾಚಿಯಂಥದೇನೋ ಹರಡಿಕೊಂಡಿತ್ತು.

"ಆ ಹಸರು ಮಸುಕು ನಾನಾ?" ಎಂದು ಕೇಳಿದರು ಗಂಗಾಂಬಿಕಮ್ಮ.

"ಹೂಂ. ನೋಡು, ಎಷ್ಟು ಮಸ್ತ್ ಬಂದೈತಿ!"

ಆಕೆ ಒಳಗೆ ಬಂದು ಸೀರೆ ಮಡಚಿಟ್ಟರು. ಟಿವಿಯ ಮೇಲೆ ಗೋಡೆಗೆ ಅವರ ಮದುವೆ ಫೋಟೋ ಇತ್ತು. ಅದರಲ್ಲಿ ಬಾಸಿಂಗ ಕಟ್ಟಿಕೊಂಡ ಗಂಗಾಂಬಿಕಾ ಎಂಬ ಹುಡುಗಿ, ಕದ್ದು, ಓರೆಗಣ್ಣಿನಲ್ಲಿ ಗಂಡನ ಕಡೆ ನೋಡುತ್ತಿದ್ದಾಳೆ. ಗಂಡ ದೀಪದ ಕಂಬದಂತೆ ನೆಟ್ಟಗೆ ನಿಂತು ಕ್ಯಾಮೆರಾ ಕಡೆ ನೋಡುತ್ತಿದ್ದಾನೆ. ಅಂದಿನಿಂದಲೂ ಆ ಮನುಷ್ಯನ ಕಣ್ಣು ಕ್ಯಾಮೆರಾದ ಮೇಲೇ! ಗಂಗಾಂಬಿಕಮ್ಮನವರಿಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು, ಸಿಟ್ಟಿನ ಹಿಂದೆ ಒಂದು ಉಪಾಯ ಬಂತು. ಈ ಗಂಡನಿಗೆ ಕನ್ನಡ ತಿಳಿಯುವುದಿಲ್ಲ, ಅಪರ್ಚರ್ ಭಾಷೆ ಮಾತ್ರ ತಿಳಿಯುತ್ತದೆ. ಹಾಗಾದರೆ ಆ ಭಾಷೆಯನ್ನೇ ಕಲಿತುಬಿಡಬೇಕು. ಆಗಲಾದರೂ ತಿರುಗಿ ನೋಡದೆ ಎಲ್ಲಿ ಹೋಗುತ್ತಾರೆ?

ಮದುವೆ ಫೋಟೋ ತೆಗೆದವರು ಸ್ಟುಡಿಯೋ ಮೂಕಪ್ಪನವರು. ಹೆಸರಿಗೆ ಮೂಕಪ್ಪ, ಅವರು ಬಾಯಿ ಮುಚ್ಚಿದ್ದನ್ನು ಹೊಸಪೇಟೆಯಲ್ಲಿ ಯಾರೂ ಕಂಡಿಲ್ಲ. ಈಗ ಎಲ್ಲರ ಕೈಯಲ್ಲೂ ಮೊಬೈಲು ಬಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಬಿಟ್ಟರೆ ಬೇರೆ ಗಿರಾಕಿಯಿಲ್ಲದೆ, ಕೇಳುವ ಕಿವಿಗಾಗಿ ಅವರೂ ಹಸಿದು ಕೂತಿದ್ದರು.

"ಬರ್ರಿ ತಂಗೀ, ಕುಂದ್ರಿ. ನಿಮ್ಮ ಮದುವಿ ಫೋಟೋ ನನಗ ನೆನಪೈತಿ. ಹುಡುಗಿ ಕಡೆ ನೋಡಪಾ, ಹುಡುಗಿ ಕಡೆ ನೋಡಪಾ ಅಂತ ಬಡಕೊಂಡೆ. ಪುಣ್ಯಾತ್ಮ ಕ್ಯಾಮೆರಾ ಬಿಟ್ಟು ಕಣ್ಣು ತಗೀಲಿಲ್ಲ. ಹನ್ನೊಂದರಾಗ ತಗದಿದ್ದೆ ನೋಡ್ರಿ, ಹಿಂದ ನಿಂತ ನಿಮ್ಮ ಸ್ವಾದರಮಾವ ಆಕಳಿಸಿದ್ದೂ ಸ್ಪಷ್ಟ ಬಂದೈತಿ!"

"ಅದನ್ನ ಕಲಸ್ರಿ ಅಣ್ಣಾರ. ಆ ಹನ್ನೊಂದು ಅಂದ್ರೇನು, ಇಪ್ಪತ್ತೆರಡು ಅಂದ್ರೇನು, ಅದನ್ನ."

ಮೂಕಪ್ಪನವರು ಬೀರುವಿನಿಂದ ಒಂದು ಹಳೆಯ ಲೆನ್ಸು ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಅದರ ಬಳೆ ತಿರುಗಿಸಿದರು. ಒಳಗಿನ ತೆಳ್ಳನೆಯ ತಗಡುಗಳು ಒಂದರ ಮೇಲೊಂದು ಸರಿದು ತೂತು ಕಿರಿದಾಯಿತು. ಹಿಂದಕ್ಕೆ ತಿರುಗಿಸಿದರು, ಅಗಲವಾಯಿತು. ಗಂಗಾಂಬಿಕಮ್ಮನವರು ಲೆನ್ಸು ಇಸಿದುಕೊಂಡು ತಾವೇ ತಿರುಗಿಸಿ ನೋಡಿದರು. ಬಳೆಯ ಮೇಲಿನ ನಂಬರು ಏರಿದಂತೆಲ್ಲ ತೂತು ಸಣ್ಣ.

"ಅಯ್ಯ, ಇದು ಸೂಜಿ ನಂಬರ್ ಇದ್ದಂಗ ಐತಲ್ರಿ! ನಂಬರ್ ಹೆಚ್ಚಾದಂಗ ಸೂಜಿ ಸಣ್ಣ. ಕೌದಿ ಹೊಲಿಯೋರಿಗೆ ಇದನ್ನೇನು ಹೇಳಿಕೊಡಬೇಕು?"

ಮೂಕಪ್ಪನವರು ಜೀವನದಲ್ಲಿ ಮೊದಲ ಬಾರಿಗೆ ಮಾತು ನಿಲ್ಲಿಸಿದರು ಎಂದು ಹೇಳುತ್ತಾರೆ. (ಹೇಳಿದವರೂ ಮೂಕಪ್ಪನವರೇ, ಹಾಗಾಗಿ ಅಷ್ಟು ನಂಬಬೇಕಿಲ್ಲ.)

ಅಂದಿನಿಂದ ಮಧ್ಯಾಹ್ನ ದೊಡ್ಡಬಸಪ್ಪನವರ ಗೊರಕೆ ಶುರುವಾದೊಡನೆ ಗಂಗಾಂಬಿಕಮ್ಮನವರು "ಗುಡಿಗೆ ಹೋಗಿ ಬರ್ತೀನ್ರಿ" ಎಂದು ಸ್ಟುಡಿಯೋಗೆ ಹೊರಟರು. ಆ ಸುಡು ಮಧ್ಯಾಹ್ನದಲ್ಲಿ ಯಾವ ಗುಡಿಯ ಬಾಗಿಲು ತೆರೆದಿರುತ್ತದೆ ಎಂದು ಆ ಗಂಡ ಒಂದು ದಿನವೂ ಕೇಳಲಿಲ್ಲ. ಕೇಳಲಿ ಎಂದು ಆಕೆ ದಿನಾ ಹೊಸಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು. ಸಿಕ್ಕಿಬೀಳುವುದಕ್ಕೂ ಒಬ್ಬರು ನಮ್ಮನ್ನು ಗಮನಿಸಬೇಕಲ್ಲ, ಅದಕ್ಕೂ ಯೋಗ ಬೇಕು. ಸ್ಟುಡಿಯೋದಲ್ಲಿ ಮೂಕಪ್ಪನವರ ಕ್ಯಾಮೆರಾ ಹಿಡಿದು ಬೀದಿಯ ನಾಯಿ, ತಂತಿಯ ಮೇಲಿನ ಕಾಗೆ, ಹೂವಿನವಳ ಬುಟ್ಟಿ ಎಲ್ಲವನ್ನೂ ತೆಗೆದರು. ಕೈ ಪಳಗಿತು. ಒಂದು ದಿನ ಹೊಳೆ ದಂಡೆಯಲ್ಲಿ, ಗಂಡನ ಪಕ್ಕ ನಿಂತು, ಸಲೀಸಾಗಿ ಒಂದು ನಂಬರು ಹೇಳಿಬಿಡಬೇಕು; ಅವರು ಬೆಚ್ಚಿ ತಿರುಗಿ ನೋಡಬೇಕು. ಆ ನೋಟವನ್ನು ನೆನೆಸಿಕೊಂಡೇ ಆಕೆ ಎಷ್ಟೋ ಸಲ ಅನ್ನ ಸೀಯಿಸಿದರು.

ಆ ದಿನ ತಾನಾಗಿಯೇ ಬಂತು. ರಾಯಣ್ಣನ ಮೊಣಕಾಲು ಹಿಡಿದುಕೊಂಡಿತು.

"ಗಂಗಾ, ಇವತ್ತ ಹಂಪಿಗೆ ಬರ್ತೀಯೇನು? ಕ್ಯಾಮೆರಾದ ಸ್ಟ್ಯಾಂಡ್ ಹಿಡಕೊಳ್ಳಾಕ ಯಾರರ ಬೇಕು."

ಹೆಂಡತಿಯಾಗಿ ಕರೆಯಲಿಲ್ಲ, 'ಯಾರರ' ಆಗಿ ಕರೆದರು. ಬರುವುದಿಲ್ಲ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಆದರೆ ಎಷ್ಟು ವರ್ಷದ ಆಸೆ! ಅದು ನಾಲಿಗೆಯನ್ನು ಪಕ್ಕಕ್ಕೆ ತಳ್ಳಿ "ಬರ್ತೀನ್ರಿ" ಎಂದಿತು.

ಕಂಡೀಷನ್ನುಗಳು ಬಂದವು. ಮಿಂಚುವ ಸೀರೆ ಬೇಡ, ಪ್ರಾಣಿಗಳು ಬೆದರುತ್ತವೆ. ಬಳೆ ಸದ್ದು ಬೇಡ. ಬಳೆಗಳಿಗೆ ಕರವಸ್ತ್ರ ಸುತ್ತಲಾಯಿತು. ಮಲ್ಲಿಗೆ ವಾಸನೆ ಬೇಡ. ಮಿರ್ಚಿಯ ವಾಸನೆಯಂತೂ ಸುತರಾಂ ಬೇಡ. ಮಿಕ್ಕಿದ್ದಕ್ಕೆಲ್ಲ ತಲೆಯಾಡಿಸಿದ ಗಂಗಾಂಬಿಕಮ್ಮನವರು ಕಮಲಾಪುರ ಬಂದೊಡನೆ ಸ್ಕೂಟರಿನಿಂದ ಇಳಿದು ನಿಂತುಬಿಟ್ಟರು.

"ಮಿರ್ಚಿ ಇಲ್ಲ ಅಂದ್ರ ಸ್ಟ್ಯಾಂಡೂ ಇಲ್ಲ."

ಮಿರ್ಚಿ ಕಟ್ಟಿಸಲಾಯಿತು.

ಹೊಳೆ ದಂಡೆಯಲ್ಲಿ ಬಿಸಿಲು ಇಳಿದು ಬಂಡೆಗಳು ಬೆಚ್ಚಗಿದ್ದವು. ಆಚೆ ದಡದಲ್ಲಿ ಯಾರೋ ಹರಿಗೋಲು ಕವುಚಿಟ್ಟು ಹೋಗಿದ್ದರು. ಜನರಿಲ್ಲ. ಹಿಂದಿನಿಂದ "ಅತ್ತಿಗೀ, ಚಪಾತಿ ಎಲ್ಲಿ" ಎಂದು ಕೂಗುವ ನೆಂಟರಿಲ್ಲ. ಗಂಗಾಂಬಿಕಮ್ಮನವರಿಗೆ ಎದೆ ತುಂಬಿ ಬಂತು. ಎಲ್ಲವೂ ಅಂದುಕೊಂಡ ಹಾಗೆಯೇ ಇತ್ತು, ಗಂಡನ ಮುಖವೊಂದು ಬಿಟ್ಟು. ಅದು ಕ್ಯಾಮೆರಾದ ಹಿಂದಿತ್ತು.

ಆಗಲೇ ನೀರು ಸೀಳಿಕೊಂಡು ಕರಿಯ ತಲೆಯೊಂದು ಎದ್ದಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನೀರುನಾಯಿಗಳು! ಇಡೀ ಕುಟುಂಬ ಎದುರಿನ ಬಂಡೆ ಹತ್ತಿ ಮೈ ಕೊಡವಿತು.

ದೊಡ್ಡಬಸಪ್ಪನವರು ಗಡಬಡಿಸಿ ಕ್ಯಾಮೆರಾ ಅತ್ತ ತಿರುಗಿಸಿದರು. ಕ್ಲಿಕ್ ಎನಿಸಿ ಪರದೆ ನೋಡಿದರು. ಕತ್ತಲೆ. ಡಯಲು ತಿರುಗಿಸಿದರು. ಇನ್ನೂ ಕತ್ತಲೆ.

"ಬೆಳಕು ಹೋಗ್ತೈತಿ, ಬೆಳಕು ಹೋಗ್ತೈತಿ, ಥೂ ಇದರ..."

"ಐದು ಪಾಯಿಂಟ್ ಆರಕ್ಕ ತರ್ರಿ," ಎಂದರು ಗಂಗಾಂಬಿಕಮ್ಮ.

ದೊಡ್ಡಬಸಪ್ಪನವರ ಕತ್ತು ಗಕ್ಕನೆ ಇತ್ತ ತಿರುಗಿತು. "ಏನಂದಿ?"

"ನೀವು ಇಪ್ಪತ್ತೆರಡರಾಗ ಅದೀರಿ. ತೂತು ಪೂರಾ ಮುಚ್ಚೀರಿ. ಐದು ಪಾಯಿಂಟ್ ಆರಕ್ಕ ತರ್ರಿ. ಅಯ್ಯ, ಆ ಕಡಿಗಲ್ರಿ, ಈ ಕಡಿಗೆ! ಸರೀರಿ ಸ್ವಲ್ಪ."

ಸರಿಸಿಯೇ ಬಿಟ್ಟರು. ಬಳೆಗೆ ಕರವಸ್ತ್ರ ಸುತ್ತಿದ ಕೈಯಿಂದಲೇ ಡಯಲು ತಿರುಗಿಸಿ, ಕಣ್ಣು ಹಚ್ಚಿ, ಉಸಿರು ಹಿಡಿದು ಒತ್ತಿದರು. ಪರದೆಯ ಮೇಲೆ ಒಂದು ನೀರುನಾಯಿ ಬಾಯಲ್ಲಿ ಮೀನು ಕಚ್ಚಿಕೊಂಡು ಅವರನ್ನೇ ನೋಡುತ್ತಿತ್ತು. ಮೀಸೆಯ ಒಂದೊಂದು ಕೂದಲಿಗೂ ಒಂದೊಂದು ಹನಿ. ಹಿಂದಿನ ಹೊಳೆಯೆಲ್ಲ ರೇಷ್ಮೆಯ ಹಾಗೆ ಮಸುಕು.

ದೊಡ್ಡಬಸಪ್ಪನವರು ಪರದೆ ನೋಡಿದರು. ಆಮೇಲೆ ಹೆಂಡತಿಯನ್ನು ನೋಡುತ್ತಲೇ ನಿಂತರು. ಗಂಗಾಂಬಿಕಮ್ಮನವರು ಇಷ್ಟು ವರ್ಷ ಕಾದಿದ್ದು, ಅನ್ನ ಸೀಯಿಸಿಕೊಂಡದ್ದು, ಮೂಕಪ್ಪನ ಮಾತು ಸಹಿಸಿಕೊಂಡದ್ದು ಎಲ್ಲಾ ಈ ನೋಟಕ್ಕಾಗಿ. ಆ ನೋಟ ಬಂತು. ಬಂದಾಗ ಆಕೆಯ ಕಣ್ಣು ಕ್ಯಾಮೆರಾದಲ್ಲಿತ್ತು.

"ಯಾರು ಕಲಿಸಿದ್ರು ನಿನಗ ಇದನ್ನ?"

"ಆಮ್ಯಾಲ ಹೇಳ್ತೀನಿ. ಅಡ್ಡ ಬರಬ್ಯಾಡ್ರಿ."

ದೊಡ್ಡಬಸಪ್ಪನವರು ವಿಧೇಯರಾಗಿ ಮಿರ್ಚಿಯ ಪೊಟ್ಟಣ ಎತ್ತಿಕೊಂಡು, ಕೆಳಗೆ ನೀರಿನ ಹತ್ತಿರದ ಬಂಡೆಗೆ ಇಳಿದು ಕೂತರು. ಸ್ವಲ್ಪ ಹೊತ್ತು ಹೊಳೆ ನೋಡಿದರು. ಆಮೇಲೆ ತಿರುಗಿ ಮೇಲೆ ನೋಡಿದರು.

"ಗಂಗಾ."

"ಹೂಂ."

"ಅದನ್ನ ಅಲ್ಲಿಟ್ಟು ಬಾ ಇಲ್ಲಿ. ಕುಂದ್ರು ಬಾ. ಮಿರ್ಚಿ ಆರಾಕತ್ಯಾವು."

"ಒಂದೇ ನಿಮಿಷ ರೀ."

ಅವರು ಏನೋ ಹೇಳತೊಡಗಿದರು. ಸಣ್ಣ ಮಾತಲ್ಲ, ಉದ್ದದ ಮಾತು; ನಡುವೆ ತಡೆದು ತಡೆದು ಹೇಳುತ್ತಿದ್ದರು. "ಆ ಮದುವಿ ಫೋಟೋದಾಗ ನಾನು..." ಎಂಬಷ್ಟು ಗಂಗಾಂಬಿಕಮ್ಮನವರ ಕಿವಿಗೆ ಬಿತ್ತು. ಆಗಲೇ ಮರಿ ನೀರುನಾಯಿಯೊಂದು ತಾಯಿಯ ಬೆನ್ನ ಮೇಲಿಂದ ಜಾರಿ ನೀರಿಗೆ ಬೀಳಬೇಕೇ! ಕ್ಲಿಕ್ ಕ್ಲಿಕ್ ಕ್ಲಿಕ್. "ಸುಮ್ನಿರ್ರಿ, ಬೆಳಕು ಹೋಗ್ತೈತಿ!" ಎಂದು ಆಕೆಯ ಬಾಯಿ ತಾನಾಗಿಯೇ ಅಂದಿತು. ಕೆಳಗೆ ಮಾತು ನಿಂತಿತು.

ನೀರುನಾಯಿಗಳು ಹೋದ ಮೇಲೆ ಗಂಗಾಂಬಿಕಮ್ಮನವರು ಗೆದ್ದ ಖುಷಿಯಲ್ಲಿ ಕೆಳಗಿಳಿದು ಬಂದು ಪಕ್ಕದಲ್ಲಿ ಕೂತರು. ಪೊಟ್ಟಣದಲ್ಲಿ ದೊಡ್ಡವಾದ ಎರಡು ಮಿರ್ಚಿ ಅವರಿಗೆಂದೇ ಉಳಿದು ತಣ್ಣಗಾಗಿದ್ದವು. ಒಂದು ಕಚ್ಚಿದ ಮೇಲೆ ನೆನಪಾಯಿತು.

"ಆವಾಗ ಏನೋ ಅಂದ್ರಲ್ಲ, ಏನದು?"

"ಏನಿಲ್ಲ ಬಿಡು."

"ಮದುವಿ ಫೋಟೋ ಅಂದ್ರಿ. ಹೇಳ್ರಿ."

"ಹೇಳಿದ್ದೆ ಗಂಗಾ, ನೀ ಕೇಳಲಿಲ್ಲ," ಎಂದು ದೊಡ್ಡಬಸಪ್ಪನವರು ಎದ್ದು ಪ್ಯಾಂಟು ಕೊಡವಿಕೊಂಡರು. "ಬೆಳಕು ಹೋತು. ನಡಿ."

ಮನೆಗೆ ಬಂದು ಫೋಟೋಗಳನ್ನು ಟಿವಿಗೆ ಹಾಕಿ ನೋಡಿದರು. ರಾಯಣ್ಣನಿಗೆ ಒಂದು ಕಳಿಸಿದ್ದೇ ತಡ, ಆ ಮಹಾನುಭಾವರ ಮೊಣಕಾಲು ನೋವು ಎದೆಗೇರಿತಂತೆ. ಒಂದಾದ ಮೇಲೊಂದು ನೀರುನಾಯಿ, ಎಲ್ಲ ಸ್ಪಷ್ಟ. ಕೊನೆಯದು ಮರಿ ಜಾರಿಬಿದ್ದ ಫೋಟೋ. ಮರಿ ಮುತ್ತಿನ ಹಾಗೆ ಬಂದಿತ್ತು. ಅದರ ಮುಂದೆ, ಮೂಲೆಯಲ್ಲಿ, ನೀಲಿಯಾಗಿ ಏನೋ ಹರಡಿಕೊಂಡಿತ್ತು.

"ಆ ನೀಲಿ ಮಸುಕು ನಾನಾ?" ಎಂದರು ದೊಡ್ಡಬಸಪ್ಪನವರು.

ಗಂಗಾಂಬಿಕಮ್ಮನವರು ಟಿವಿಯ ಹತ್ತಿರ ಹೋಗಿ ನಿಂತರು. ನೀಲಿ ಶರ್ಟು. ಮೇಲೆ ಮುಖ. ಕೈಯಲ್ಲಿ ಅರ್ಧ ಕಚ್ಚಿದ ಮಿರ್ಚಿ. ಬಾಯಿ ತೆರೆದಿತ್ತು, ಮಾತಿನ ನಡುವೆ ಇತ್ತು. ಎಷ್ಟು ಮಸುಕಾಗಿದ್ದರೂ ಒಂದು ಮಾತ್ರ ತಿಳಿಯುತ್ತಿತ್ತು: ಆ ಕಣ್ಣು ನೀರುನಾಯಿಯ ಕಡೆ ಇರಲಿಲ್ಲ, ಕ್ಯಾಮೆರಾದ ಕಡೆಗೂ ಇರಲಿಲ್ಲ. ಕ್ಯಾಮೆರಾದ ಹಿಂದಿದ್ದವಳ ಕಡೆಗಿತ್ತು. ಮದುವೆಯ ದಿನ ಮೂಕಪ್ಪ ಬಡಕೊಂಡರೂ ತಿರುಗದ ಕಣ್ಣು, ಇಷ್ಟು ವರ್ಷದ ಮೇಲೆ ತಾನಾಗಿಯೇ ತಿರುಗಿತ್ತು. ಅದನ್ನು ಮಸುಕು ಮಾಡಿದವರು ಯಾರು? ಐದು ಪಾಯಿಂಟ್ ಆರು. ಒಂದಿಷ್ಟು ಕತ್ತಲೆಯಾದರೂ ಸರಿ, ಹದಿನಾರಕ್ಕೋ ಇಪ್ಪತ್ತೆರಡಕ್ಕೋ ಇಟ್ಟಿದ್ದರೆ ಆ ತುಟಿ ಏನು ಹೇಳುತ್ತಿತ್ತು ಎಂದಾದರೂ ಓದಬಹುದಿತ್ತು. ಗಂಡ ಇಪ್ಪತ್ತೆರಡಕ್ಕೇ ಇಟ್ಟಿದ್ದರಲ್ಲ ಪುಣ್ಯಾತ್ಮ, ತಾವೇ ಅಲ್ಲವೇ ತಿರುಗಿಸಿದ್ದು! ಗಂಗಾಂಬಿಕಮ್ಮನವರು ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದರು. ದೊಡ್ಡದಾದಷ್ಟೂ ಅದು ಬರಿಯ ನೀಲಿಯಾಯಿತು.

ಮರುದಿನ ಸಂಜೆ ಅವರೇ ಸ್ಕೂಟರಿನ ಸೀಟು ಒರೆಸಿದರು, ಅವರೇ ಮಿರ್ಚಿ ಕಟ್ಟಿಸಿದರು, ಅವರೇ ಗಂಡನನ್ನು ಅದೇ ಬಂಡೆಯ ಮೇಲೆ ಕೂರಿಸಿದರು. ಎದುರಿಗೆ ಸ್ಟ್ಯಾಂಡ್ ನಿಲ್ಲಿಸಿ, ಹೊಳೆಯನ್ನೆಲ್ಲ ಬಿಟ್ಟು ಗಂಡನ ಮುಖಕ್ಕೆ ಲೆನ್ಸು ಹಿಡಿದು, ಡಯಲನ್ನು ಹದಿನಾರಕ್ಕೆ ತಂದರು. ಈ ಸಲ ಏನೂ ಮಸುಕಾಗುವ ಹಾಗಿಲ್ಲ. ಇಳಿಬಿಸಿಲು ದೊಡ್ಡಬಸಪ್ಪನವರ ಕೆನ್ನೆಯ ಮೇಲೆ, ನರೆತ ಹುಬ್ಬಿನ ಮೇಲೆ ಅರಿಸಿನ ಬಳಿದ ಹಾಗೆ ಬಿದ್ದಿತ್ತು. ಈ ಮನುಷ್ಯ ಇಷ್ಟು ಚೆಲುವ ಎಂದು ಗಂಗಾಂಬಿಕಮ್ಮನವರಿಗೆ ಗೊತ್ತೇ ಇರಲಿಲ್ಲ.

"ಹಾಂ, ಈಗ ಹೇಳ್ರಿ. ನಿನ್ನೆ ಅಂದದ್ದು."

ದೊಡ್ಡಬಸಪ್ಪನವರು ಶರ್ಟಿನ ಗುಂಡಿ ಹಾಕಿಕೊಂಡರು, ಬೆನ್ನು ನೆಟ್ಟಗೆ ಮಾಡಿದರು, ಮದುವೆ ಫೋಟೋದಲ್ಲಿದ್ದ ಹಾಗೆಯೇ ಕ್ಯಾಮೆರಾದ ಕಡೆ ಕಣ್ಣು ನೆಟ್ಟು ಬಾಯಿ ಮುಚ್ಚಿ ಕೂತರು. ನೀರಿನಲ್ಲಿ ಏನೋ ಬುಳಕ್ ಎಂದಿತು. ಇಬ್ಬರೂ ಆ ಕಡೆ ನೋಡಲಿಲ್ಲ. ಕಡೆಗೆ ಅವರ ಹೆಗಲು ಸಡಿಲಾಯಿತು. ಮೆತ್ತಗಿನ ದನಿಯಲ್ಲಿ, ಅಂಗಲಾಚುವವರ ಹಾಗೆ ಹೇಳಿದರು.

"ಅದನ್ನ ಕೆಳಗಿಡು ಗಂಗಾ. ಇಲ್ಲಿ ಬಂದು ಕುಂದ್ರು. ಹೇಳ್ತೀನಿ."

"ಇಟ್ಟೆ ರೀ, ಇಟ್ಟೆ," ಎಂದರು ಗಂಗಾಂಬಿಕಮ್ಮನವರು, ಕಣ್ಣು ತೆಗೆಯದೆ. "ಅಲ್ಲಾಡಬ್ಯಾಡ್ರಿ. ಒಂದೇ ನಿಮಿಷ. ಬೆಳಕು ಭಾಳ ಚಂದೈತಿ."